ಬೀಳುವ ಹಲ್ಲಿಗೇಕೆ ಚಿಕಿತ್ಸೆ?

ಆರು ವರ್ಷದ ಮಗುವಿನ ಮುಂದಿನ ಹಲ್ಲೊಂದು ಅಲ್ಲಾಡತೊಡಗಿದರೆ ಮನೆಯಲ್ಲಿ ಅದೊಂದು ಸಣ್ಣ ಸಂಭ್ರಮ. ನಾಲಗೆಯಿಂದ ದೂಡಿ, ಬೆರಳಿನಿಂದ ಅಲುಗಿಸಿ, ಕೊನೆಗೊಂದು ದಿನ ಅದು ಕೈಗೆ ಬರುತ್ತದೆ. ಅಜ್ಜಿ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯಲು ಹೇಳುತ್ತಾಳೆ. ಹಾಗೆ ಎಸೆದರೆ ಹೊಸ ಹಲ್ಲು ಬೇಗ, ಚೆನ್ನಾಗಿ ಬರುತ್ತದೆಂಬುದು ನಂಬಿಕೆ. ಹೆಂಚಿನ ಮಾಡು ಹೋಗಿ ತಾರಸಿ ಬಂದ ಮೇಲೂ ಈ ರೂಢಿ ಪೂರ್ತಿ ಅಳಿದಿಲ್ಲ.

ಅದೇ ಮನೆಯಲ್ಲಿ ನಾಲ್ಕು ವರ್ಷದ ಇನ್ನೊಂದು ಮಗು ದವಡೆ ಹಿಡಿದುಕೊಂಡು ರಾತ್ರಿಯೆಲ್ಲ ಅತ್ತರೆ ಕೇಳಿಬರುವ ಮಾತೇ ಬೇರೆ. ‘ಹಾಲುಹಲ್ಲಲ್ಲವೇ, ಹೇಗೂ ಬೀಳುತ್ತದೆ. ಅದಕ್ಯಾಕೆ ಡಾಕ್ಟರು?’ ಲವಂಗದ ಎಣ್ಣೆಯ ಹತ್ತಿ ಇಟ್ಟು ಮಗುವನ್ನು ಮಲಗಿಸಲಾಗುತ್ತದೆ. ಮಾತಿನಲ್ಲಿ ಮೇಲ್ನೋಟಕ್ಕೆ ತರ್ಕವಿದೆ. ಬಿದ್ದುಹೋಗುವುದಕ್ಕೆ ಖರ್ಚು ಮಾಡುವವರು ಯಾರು? ಆದರೆ ಇದು ನಮ್ಮ ಅಜ್ಜಿಯೊಬ್ಬಳ ಮಾತಲ್ಲ. ಶತಮಾನಗಳ ಕಾಲ ಜಗತ್ತಿನ ದೊಡ್ಡ ದೊಡ್ಡ ವೈದ್ಯರೂ ಹೀಗೆಯೇ ಯೋಚಿಸುತ್ತಿದ್ದರು. ಆ ಯೋಚನೆ ತಪ್ಪೆಂದು ತಿಳಿಯಲು ಬಹುಕಾಲ ಹಿಡಿಯಿತು. ಅದಕ್ಕೆ ಬೆಲೆ ತೆತ್ತವರು ಮಕ್ಕಳು.

ಎರಡು ಸಲ ಹುಟ್ಟುವುದು

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂಬ ಹೆಸರೂ ಇದೆ. ಎರಡು ಸಲ ಹುಟ್ಟುವುದು ಎಂದರ್ಥ. ಮಕ್ಕಳ ವೈದ್ಯಕ್ಕೆ ಮೀಸಲಾದ ಪ್ರಾಚೀನ ಆಯುರ್ವೇದ ಗ್ರಂಥ ‘ಕಾಶ್ಯಪ ಸಂಹಿತೆ’ಯಲ್ಲಿ ಹಲ್ಲು ಹುಟ್ಟುವ ಬಗೆಗೇ ಒಂದು ಅಧ್ಯಾಯವಿದೆ. ಮೂವತ್ತೆರಡು ಹಲ್ಲುಗಳಲ್ಲಿ ಎಂಟು ಒಂದೇ ಸಲ ಹುಟ್ಟುವಂಥವು, ಉಳಿದವು ಎರಡು ಸಲ ಹುಟ್ಟುವಂಥವು ಎಂದು ಅದು ವಿಂಗಡಿಸುತ್ತದೆ. ಇಂದಿನ ಲೆಕ್ಕ ಸ್ವಲ್ಪ ಬೇರೆ. ಹಾಲುಹಲ್ಲುಗಳು ಇಪ್ಪತ್ತು. ಶಾಶ್ವತ ಹಲ್ಲುಗಳಲ್ಲಿ ಇಪ್ಪತ್ತು ಅವುಗಳ ಜಾಗಕ್ಕೆ ಬರುತ್ತವೆ. ಉಳಿದ ಹನ್ನೆರಡು ದವಡೆ ಹಲ್ಲುಗಳು ಹಿಂದುಗಡೆ ಹೊಸದಾಗಿ, ಒಂದೇ ಸಲ ಮೂಡುತ್ತವೆ.

ಇಲ್ಲಿಯೇ ತಂದೆತಾಯಿಯರು ಎಡವುವ ಒಂದು ಸಂಗತಿಯಿದೆ. ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ ಹಾಲುಹಲ್ಲಿನ ಸಾಲಿನ ಹಿಂದೆ ಒಂದೊಂದು ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಅದೂ ಹಾಲುಹಲ್ಲೇ ಎಂದು ತಿಳಿದು, ಹುಳುಕಾದಾಗ ‘ಬೀಳುತ್ತದೆ ಬಿಡಿ’ ಎನ್ನುವವರು ಬಹಳ. ಅದು ಬಿದ್ದರೆ ಮತ್ತೆ ಹುಟ್ಟುವುದಿಲ್ಲ. ಜೀವಮಾನವಿಡೀ ಅಗಿಯಬೇಕಾದ ಹಲ್ಲು ಹತ್ತನೇ ವಯಸ್ಸಿಗೇ ಇಕ್ಕಳದ ಪಾಲಾಗುವುದು ಹೀಗೆ.

ಹಾಲುಹಲ್ಲಿನದೂ ಅಲ್ಪಾಯುಸ್ಸೇನಲ್ಲ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ. ಆದರೆ ಹಿಂದಿನ ಹಾಲು ದವಡೆ ಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೂ ಬಾಯಲ್ಲಿರುತ್ತವೆ. ನಾಲ್ಕನೇ ವಯಸ್ಸಿನಲ್ಲಿ ಹುಳುಕಾದ ಹಲ್ಲು ತಾನಾಗಿ ಬೀಳಲಿ ಎಂದು ಕಾಯುವುದೆಂದರೆ ಆರೇಳು ವರ್ಷ ಕಾಯುವುದು!

ಹಲ್ಲು ಬರುವುದೇ ರೋಗವಾಗಿದ್ದ ಕಾಲ

ವಿಚಿತ್ರವೆಂದರೆ, ಹಾಲುಹಲ್ಲಿನ ಹುಳುಕನ್ನು ಕಡೆಗಣಿಸಿದ ಹಳೆಯ ವೈದ್ಯರು ಹಾಲುಹಲ್ಲು ಮೂಡುವುದನ್ನು ಮಾತ್ರ ಭಯಂಕರ ಗಂಡಾಂತರವೆಂದು ಕಂಡಿದ್ದರು. ಹಲ್ಲು ಬರುವಾಗ ಜ್ವರ, ಭೇದಿ, ಸೆಳವು ಬರುತ್ತವೆಂದು ಗ್ರೀಸಿನ ಹಿಪ್ಪೊಕ್ರೇಟಿಸನ ಹೆಸರಿನ ಸೂತ್ರಗಳಲ್ಲೇ ಇದೆ. ಹದಿನಾರನೇ ಶತಮಾನದ ಫ್ರಾನ್ಸಿನ ಪ್ರಸಿದ್ಧ ಶಸ್ತ್ರವೈದ್ಯ ಆಂಬ್ರೂಯಾಸ್ ಪಾರೆ, ಹಲ್ಲು ಮೂಡದೆಯೇ ತೀರಿಕೊಂಡ ಎಂಟು ತಿಂಗಳ ಕೂಸೊಂದರ ಒಸಡನ್ನು ಕೊಯ್ದು ನೋಡಿದ. ಒಳಗೆ ಹಲ್ಲುಗಳು ಸಿದ್ಧವಾಗಿದ್ದವು. ಮೊದಲೇ ಒಸಡು ಕೊಯ್ದಿದ್ದರೆ ಕೂಸು ಬದುಕುತ್ತಿತ್ತು ಎಂದು ಅವನು ತೀರ್ಮಾನಿಸಿದ. ಆ ಒಂದು ತೀರ್ಮಾನದಿಂದ ಮುಂದಿನ ಮುನ್ನೂರು ವರ್ಷಗಳ ಕಾಲ ಯುರೋಪಿನಲ್ಲಿ ಅಸಂಖ್ಯಾತ ಎಳೆಯ ಮಕ್ಕಳ ಒಸಡಿನ ಮೇಲೆ ಚಾಕು ಆಡಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾವಿನ ಕಾರಣಗಳನ್ನು ದಾಖಲಿಸುವ ಪದ್ಧತಿ ಬಂದ ಹೊಸತರಲ್ಲಿ, 1839ರ ಒಂದೇ ವರ್ಷದಲ್ಲಿ 5,000ಕ್ಕೂ ಹೆಚ್ಚು ಸಾವುಗಳಿಗೆ ‘ಹಲ್ಲು ಬರುವಿಕೆ’ಯೇ ಕಾರಣವೆಂದು ಬರೆದಿಡಲಾಯಿತು. ಮಕ್ಕಳು ಸತ್ತದ್ದು ಹೊಲಸು ನೀರಿನಿಂದ, ಕೆಟ್ಟ ಹಾಲಿನಿಂದ, ಸೋಂಕಿನಿಂದ. ಅವು ಕಾಡುವ ವಯಸ್ಸೂ ಹಲ್ಲು ಮೂಡುವ ವಯಸ್ಸೂ ಒಂದೇ ಆಗಿದ್ದರಿಂದ ಅಪರಾಧ ಹಲ್ಲಿನ ತಲೆಗೆ ಬಂತು. ನಮ್ಮಲ್ಲಿಯೂ ಈ ಮಾತು ಇಂದಿಗೂ ಜೀವಂತವಾಗಿದೆ. ‘ಹಲ್ಲು ಬರುತ್ತಿದೆ, ಅದಕ್ಕೇ ಭೇದಿ’ ಎಂದು ಸುಮ್ಮನಿದ್ದರೆ ಮಗುವಿನ ಮೈಯ ನೀರೆಲ್ಲ ಬತ್ತುವವರೆಗೆ ಯಾರೂ ಎಚ್ಚರಗೊಳ್ಳುವುದಿಲ್ಲ. ಹಲ್ಲು ಬರುವಾಗ ಜೊಲ್ಲು ಸುರಿಯಬಹುದು, ಮಗು ರಚ್ಚೆ ಹಿಡಿಯಬಹುದು, ಸಿಕ್ಕಿದ್ದನ್ನೆಲ್ಲ ಕಚ್ಚಬಹುದು. ಜೋರು ಜ್ವರಕ್ಕೂ ಭೇದಿಗೂ ಬೇರೆ ಕಾರಣವನ್ನೇ ಹುಡುಕಬೇಕು.

ಚಾಕುವಿನ ಜೊತೆಗೆ ಪುಡಿಯೂ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಹಲ್ಲು ಬರುವ ಮಕ್ಕಳಿಗೆಂದೇ ಪೊಟ್ಟಣದ ಪುಡಿಗಳು ಅಂಗಡಿಗಳಲ್ಲಿ ಮಾರಾಟವಾಗತೊಡಗಿದವು. ಅವುಗಳಲ್ಲಿ ಎಷ್ಟೋ ಪುಡಿಗಳಲ್ಲಿದ್ದದ್ದು ಕ್ಯಾಲೊಮೆಲ್, ಅಂದರೆ ಪಾದರಸದ ಲವಣ. ಮುಂದೆ ಇಂಗ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಎಳೆಯ ಮಕ್ಕಳಿಗೆ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ ಸಿಪ್ಪೆ ಏಳುತ್ತಿತ್ತು. ಬೆಳಕು ಕಂಡರೆ ಮಗು ಮುಖ ಮುಚ್ಚಿಕೊಳ್ಳುತ್ತಿತ್ತು. ಕೆಲವು ಮಕ್ಕಳ ಹಲ್ಲುಗಳೇ ಕಳಚಿ ಬೀಳುತ್ತಿದ್ದವು. ‘ಗುಲಾಬಿ ರೋಗ’ ಎಂದೇ ಅದಕ್ಕೆ ಹೆಸರಾಯಿತು. ಇದಕ್ಕೆ ಪಾದರಸವೇ ಕಾರಣವೆಂದು 1940ರ ದಶಕದಲ್ಲಿ ಅಮೆರಿಕದ ವೈದ್ಯ ಜೋಸೆಫ್ ವಾರ್ಕನಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. 1950ರ ದಶಕದಲ್ಲಿ ಬ್ರಿಟನ್ನಿನ ತಯಾರಕರು ಪುಡಿಯಿಂದ ಪಾದರಸವನ್ನು ಕೈಬಿಟ್ಟ ಮೇಲೆ ರೋಗವೂ ಹೆಚ್ಚುಕಡಿಮೆ ಮಾಯವಾಯಿತು. ಹಲ್ಲು ಸುಲಭವಾಗಿ ಬರಲೆಂದು ಕೊಟ್ಟ ಮದ್ದು ಬಂದ ಹಲ್ಲನ್ನೇ ಉದುರಿಸಿತ್ತು.

ಹುಳುವೂ ಸಕ್ಕರೆಯೂ

ಕನ್ನಡದ ‘ಹುಳುಕು’ ಎಂಬ ಪದದಲ್ಲಿಯೇ ಹುಳು ಕೂತಿದೆ. ಸುಶ್ರುತ ಇದನ್ನು ‘ಕೃಮಿದಂತಕ’ ಎಂದ. ಪ್ರಾಚೀನ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಹಲ್ಲಿನ ಹುಳುವಿನ ಕಥೆಯಿದೆ. ಬೀಜದ ಹೊಗೆ ಹಾಕಿ ಹಲ್ಲಿನಿಂದ ‘ಹುಳು’ ಬೀಳಿಸಿ ತೋರಿಸುವವರು ನಮ್ಮ ಸಂತೆ ಜಾತ್ರೆಗಳಲ್ಲಷ್ಟೇ ಅಲ್ಲ, ಹಿಂದೆ ಯುರೋಪಿನ ಪೇಟೆಗಳಲ್ಲೂ ಇದ್ದರು. 1728ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದ, ಆಧುನಿಕ ದಂತವೈದ್ಯದ ಪಿತಾಮಹನೆನಿಸಿದ ಫ್ರಾನ್ಸಿನ ಪಿಯೆರ್ ಫೋಶಾರ್, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳು ಸಿಗಲಿಲ್ಲವೆಂದು ಬರೆದ. ಸಿಹಿ ತಿನಿಸಿನ ಕಡೆಗೆ ಬೆರಳು ತೋರಿಸಿದ.

ಒಗಟು ಬಿಡಿಸಿದವನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲ್ಲೊಬಿ ಮಿಲ್ಲರ್. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ಮತ್ತು ಹಿಟ್ಟಿನ ಅಂಶವನ್ನು ಹುಳಿಯಾಗಿಸುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ ಎಂದು 1890ರ ತನ್ನ ಪುಸ್ತಕದಲ್ಲಿ ಅವನು ವಿವರಿಸಿದ. ಹುಳು ಇಲ್ಲವೆಂದಿದ್ದ ಕಡೆ ಕಣ್ಣಿಗೆ ಕಾಣದ ‘ಹುಳು’ಗಳೇ ಇದ್ದವು! ಹಾಲುಹಲ್ಲಿನ ಮೇಲ್ಪದರ ಶಾಶ್ವತ ಹಲ್ಲಿನದಕ್ಕಿಂತ ತೆಳು. ಒಳಗಿನ ತಿರುಳು ಮೇಲ್ಮೈಗೆ ಹತ್ತಿರ. ಅದಕ್ಕೇ ಮಕ್ಕಳಲ್ಲಿ ಹುಳುಕು ಬೇಗನೆ ಆಳಕ್ಕಿಳಿಯುತ್ತದೆ.

ಅಷ್ಟು ಹೊತ್ತಿಗೆ ಸಕ್ಕರೆ ಅಗ್ಗವಾಗಿತ್ತು. ಬ್ರಿಟನ್ ಸರ್ಕಾರ 1874ರಲ್ಲಿ ಸಕ್ಕರೆಯ ಸುಂಕವನ್ನು ರದ್ದು ಮಾಡಿದ ಮೇಲೆ ಜಾಮು, ಬಿಸ್ಕತ್ತು, ಮಿಠಾಯಿ ಬಡವರ ಮನೆಗೂ ಬಂದವು. ಸಿರಿವಂತರ ರೋಗವಾಗಿದ್ದ ಹುಳುಕು ಎಲ್ಲರ ರೋಗವಾಯಿತು. ಎರಡನೇ ಮಹಾಯುದ್ಧದಲ್ಲಿ ನಾರ್ವೆ, ಜಪಾನ್‌ಗಳಲ್ಲಿ ಸಕ್ಕರೆ ಸಿಗದಾದಾಗ ಮಕ್ಕಳ ಹುಳುಕು ಇಳಿದು, ಯುದ್ಧ ಮುಗಿದು ಸಕ್ಕರೆ ಮರಳಿದಾಗ ಮತ್ತೆ ಏರಿತು.

ಎಷ್ಟು ಸಕ್ಕರೆ ಎಂಬುದಕ್ಕಿಂತ ಎಷ್ಟು ಸಲ ಎಂಬುದು ಮುಖ್ಯವೆಂದು ತೋರಿಸಿದ್ದು ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯ ಪ್ರಯೋಗ. ಅದರ ಫಲಿತಾಂಶ 1954ರಲ್ಲಿ ಪ್ರಕಟವಾಯಿತು. ಊಟದ ಜೊತೆ ತಿಂದ ಸಕ್ಕರೆಯಿಂದ ಹಾನಿ ಕಡಿಮೆ. ಊಟಗಳ ನಡುವೆ ಮತ್ತೆ ಮತ್ತೆ ತಿಂದ ಅಂಟು ಮಿಠಾಯಿಯಿಂದ ಹಾನಿ ವಿಪರೀತ. ಈ ಜ್ಞಾನ ಬಂದ ದಾರಿ ಮಾತ್ರ ಕಳಂಕದ್ದು. ಆ ಆಸ್ಪತ್ರೆಯಲ್ಲಿದ್ದವರು ಬುದ್ಧಿಮಾಂದ್ಯರು. ಒಪ್ಪಿಗೆ ಕೊಡಲಾರದ ಅವರ ಹಲ್ಲುಗಳನ್ನು ಬೇಕೆಂದೇ ಹಾಳುಮಾಡಿ ಕಲಿತ ಪಾಠ ಅದು. ಮಕ್ಕಳಿಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ ಮಿಠಾಯಿ ಕೊಡುವ ಸ್ವೀಡನ್ನಿನ ರೂಢಿಯ ಹಿಂದೆ ಈ ಪ್ರಯೋಗವಿದೆ.

ಶಾಲೆಗೆ ಬಂದ ದಂತವೈದ್ಯ

ಮಕ್ಕಳ ಹಲ್ಲು ಸಮಾಜದ ಹೊಣೆ ಎಂಬ ಮಾತನ್ನು ಮೊದಲು ಗಟ್ಟಿಯಾಗಿ ಆಡಿದವರಲ್ಲಿ ಸ್ಕಾಟ್ಲೆಂಡಿನ ಡಂಡಿ ಊರಿನ ದಂತವೈದ್ಯ ವಿಲಿಯಂ ಫಿಶರ್ ಒಬ್ಬ. ಶಾಲಾ ಮಕ್ಕಳ ಹಲ್ಲಿನ ತಪಾಸಣೆ ಕಡ್ಡಾಯವಾಗಬೇಕೆಂದು 1885ರಲ್ಲಿ ಅವನು ದಂತವೈದ್ಯರ ಸಭೆಯಲ್ಲಿ ಪ್ರಬಂಧ ಓದಿದ. ಕೂಡಲೇ ಯಾರೂ ಕಿವಿಗೊಡಲಿಲ್ಲ. ಕೊನೆಗೆ ಕಣ್ಣು ತೆರೆಸಿದ್ದು ದಕ್ಷಿಣ ಆಫ್ರಿಕದ ಬೋಅರ್ ಯುದ್ಧ. ಸೈನ್ಯಕ್ಕೆ ಸೇರಲು ಬಂದ ಯುವಕರಲ್ಲಿ ಅನೇಕರು ಹಲ್ಲು ಕೆಟ್ಟಿದ್ದರಿಂದಲೇ ತಿರಸ್ಕೃತರಾದರು. ಗಟ್ಟಿ ಬಿಸ್ಕತ್ತನ್ನೂ ಅಗಿಯಲಾರದ ಸಿಪಾಯಿಯಿಂದ ಸಾಮ್ರಾಜ್ಯಕ್ಕೇನು ಲಾಭ? ಮಕ್ಕಳ ಅಳುವಿಗೆ ಕರಗದ ಸರ್ಕಾರ ಸೈನ್ಯದ ಚಿಂತೆಗೆ ಕರಗಿತು. ಅತ್ತ, ಆಗ ಜರ್ಮನಿಯಲ್ಲಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಅರ್ನ್ಸ್ಟ್ ಯೆಸ್ಸೆನ್ 1902ರಲ್ಲಿಯೇ ಶಾಲಾ ಮಕ್ಕಳಿಗೆ ಉಚಿತ ದಂತ ಚಿಕಿತ್ಸಾಲಯ ತೆರೆದಿದ್ದ. ಇಂಗ್ಲೆಂಡಿನ ಮೊದಲ ಶಾಲಾ ಚಿಕಿತ್ಸಾಲಯ 1907ರಲ್ಲಿ ಕೇಂಬ್ರಿಜ್‌ನಲ್ಲಿ ಆರಂಭವಾಯಿತು.

ಎಲ್ಲರಿಗಿಂತ ದಿಟ್ಟ ಹೆಜ್ಜೆ ಇಟ್ಟದ್ದು ಪುಟ್ಟ ದೇಶ ನ್ಯೂಜಿಲೆಂಡ್. ಮೊದಲ ಮಹಾಯುದ್ಧದಲ್ಲಿ ತನ್ನ ಸೈನಿಕರ ಬಾಯಿ ಕಂಡು ಗಾಬರಿಗೊಂಡ ಆ ದೇಶದಲ್ಲಿ ದಂತವೈದ್ಯರೇ ಕಡಿಮೆ. ಸೈನ್ಯದ ದಂತವೈದ್ಯ ದಳದ ಮುಖ್ಯಸ್ಥನಾಗಿದ್ದ ಥಾಮಸ್ ಹಂಟರ್, ತರುಣಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ಶಾಲೆಗಳಿಗೆ ಕಳಿಸೋಣ ಎಂದ. ‘ಪೂರ್ತಿ ಓದದವರ ಕೈಗೆ ಮಕ್ಕಳ ಬಾಯಿ ಕೊಡುವುದೇ?’ ಎಂಬ ವಿರೋಧವೆದ್ದರೂ 1921ರಲ್ಲಿ ವೆಲಿಂಗ್ಟನ್‌ನಲ್ಲಿ ತರಬೇತಿ ಆರಂಭವಾಗಿಯೇಬಿಟ್ಟಿತು. ಶಾಲೆಯ ಅಂಗಳದಲ್ಲೇ ಚಿಕಿತ್ಸಾಲಯ, ಕಾಲಿನಿಂದ ತುಳಿದು ತಿರುಗಿಸುವ ಕೊರೆಯುವ ಯಂತ್ರ, ಬಿಳಿ ಉಡುಪಿನ ನರ್ಸ್. ಹಲವು ದೇಶಗಳು ಇದನ್ನು ಅನುಸರಿಸಿದವು. ಮಲಯದ ಪೆನಾಂಗ್‌ನಲ್ಲಿ 1949ರಲ್ಲಿ ಇಂಥದೇ ತರಬೇತಿ ಶಾಲೆ ತೆರೆಯಿತು.

ಆದರೆ ನ್ಯೂಜಿಲೆಂಡಿನ ಮಕ್ಕಳು ಆ ಚಿಕಿತ್ಸಾಲಯಕ್ಕೆ ಇಟ್ಟ ಹೆಸರು ‘ಕೊಲೆಮನೆ’! ಹಲ್ಲು ಉಳಿಯಿತು, ಭಯವೂ ಉಳಿಯಿತು. ಚಿಕಿತ್ಸೆ ಮಗುವಿನ ಬಳಿಗೆ ಬಂದರೆ ಸಾಲದು, ಮಗುವಿಗೆ ಒಗ್ಗುವಂತೆಯೂ ಇರಬೇಕು ಎಂಬುದು ಆ ಹೆಸರು ಕಲಿಸಿದ ಪಾಠ. ಅಮೆರಿಕದಲ್ಲಿ 1909ರಿಂದ ಮಕ್ಕಳಿಗಷ್ಟೇ ಚಿಕಿತ್ಸೆ ನೀಡತೊಡಗಿದ ಲಾಸ್ ಏಂಜಲಿಸ್‌ನ ದಂತವೈದ್ಯೆ ಎವಾಂಜಲಿನ್ ಜೋರ್ಡನ್ ಅವರಂಥವರಿಂದ ಮಕ್ಕಳ ದಂತವೈದ್ಯ ಬೇರೆಯೇ ಒಂದು ಶಾಖೆಯಾಗಿ ಬೆಳೆಯಿತು.

ಸೋಡಾ ಅಂಗಡಿಯ ಕಾಲೇಜು

ಭಾರತದ ಕಥೆ ಆರಂಭವಾಗುವುದು ಕಲ್ಕತ್ತೆಯಲ್ಲಿ. ಅಮೆರಿಕದ ಅಯೋವಾದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಅದಕ್ಕೆ ಹಣ ಒದಗಿಸಲು ಅವರು ಕಲ್ಕತ್ತೆಯಲ್ಲಿ ತೆರೆದದ್ದು ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಪಾನೀಯದ ಅಂಗಡಿ. ಸಿಹಿ ಪಾನೀಯದ ಲಾಭದಿಂದ ದಂತವೈದ್ಯ ಬೆಳೆಯಿತೆಂಬುದು ಚರಿತ್ರೆಯ ತಮಾಷೆ. 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಆರಂಭವಾದವು. ಮಕ್ಕಳ ದಂತವೈದ್ಯರು ತಮ್ಮದೇ ಅಖಿಲ ಭಾರತ ಸಂಘ ಕಟ್ಟಿಕೊಂಡದ್ದು 1979ರಲ್ಲಿ. ಇಂದು ದೇಶದಲ್ಲಿ ಅತಿ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಾಗಿದ್ದೂ 2002-03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಳುಕು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಜಗತ್ತಿನಲ್ಲಿ ಹಾಲುಹಲ್ಲು ಹುಳುಕಾದ ಮಕ್ಕಳ ಸಂಖ್ಯೆ ಸುಮಾರು 51 ಕೋಟಿ.

ನೀರು ಕಲಿಸಿದ್ದು

ಹುಳುಕನ್ನು ತಡೆಯುವ ಉಪಾಯ ಸಿಕ್ಕಿದ್ದು ಒಂದು ಕಲೆಯಿಂದ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೆ, ಅಲ್ಲಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳನ್ನು ಕಂಡರು. ಕಲೆಯ ಹಲ್ಲುಗಳಲ್ಲಿ ಹುಳುಕು ಮಾತ್ರ ಕಡಿಮೆ. ಕುಡಿಯುವ ನೀರಿನ ಫ್ಲೋರೈಡ್ ಇದಕ್ಕೆ ಕಾರಣವೆಂದು 1931ರಲ್ಲಿ ತಿಳಿಯಿತು. ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಇದ್ದರೆ ಕಲೆಯಿಲ್ಲದೆ ರಕ್ಷಣೆ ಸಿಗುತ್ತದೆಂದು ಟ್ರೆಂಡ್ಲಿ ಡೀನ್ ಲೆಕ್ಕ ಹಾಕಿದರು. 1945ರಲ್ಲಿ ಗ್ರ್ಯಾಂಡ್ ರ್ಯಾಪಿಡ್ಸ್ ನಗರದ ನೀರಿಗೆ ಫ್ಲೋರೈಡ್ ಬೆರೆಸಲಾಯಿತು. ಹನ್ನೊಂದು ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಮಕ್ಕಳ ಹುಳುಕು ಶೇ 60ಕ್ಕಿಂತ ಹೆಚ್ಚು ಇಳಿಯಿತು.

ನಮ್ಮ ಕಷ್ಟ ತಿರುಗುಮುರುಗು. 1937ರಲ್ಲಿಯೇ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ನೀರಿನ ಅತಿ ಫ್ಲೋರೈಡಿನಿಂದ ಮೂಳೆ ಬಿಗಿದವರನ್ನು ವೈದ್ಯರು ಗುರುತಿಸಿದ್ದರು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದನ್ನು ಅಲ್ಲಿನವರ ಹಲ್ಲಿನ ಕಂದು ಗೆರೆಗಳೇ ಹೇಳುತ್ತವೆ. ಅಲ್ಲಿ ಬೇಕಾದದ್ದು ಶುದ್ಧ ನೀರು. ಉಳಿದೆಡೆ ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಮಕ್ಕಳ ಮಿತ್ರ. ಆದರೆ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಜಾಹೀರಾತಿನ ಬ್ರಷ್ಷಿನ ಮೇಲೆ ಕಾಣುವ ಉದ್ದನೆಯ ಸುರುಳಿ ಮಕ್ಕಳಿಗಲ್ಲ.

ಕೊರೆಯದೆಯೂ ಉಳಿಸಬಹುದು

ಇಷ್ಟಾದರೂ ಹುಳುಕು ಬಂದರೆ? ಇಂದು ದಂತವೈದ್ಯರ ಮುಂದೆ ಇಕ್ಕಳವೊಂದೇ ದಾರಿಯಲ್ಲ. ಸಣ್ಣ ಕುಳಿಯಿದ್ದರೆ ತುಂಬಿಸುತ್ತಾರೆ. ಸೋಂಕು ತಿರುಳಿನ ಮೇಲ್ಭಾಗಕ್ಕೆ ಮಾತ್ರ ತಲುಪಿದ್ದರೆ ಅಷ್ಟನ್ನೇ ತೆಗೆದು, ಬೇರಿನ ತಿರುಳನ್ನು ಉಳಿಸಿ, ಮೇಲೆ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ಇಂಥ ಕ್ಯಾಪ್ ಮಕ್ಕಳಿಗೆ ಬಳಕೆಗೆ ಬಂದದ್ದು 1950ರಲ್ಲಿ. ಹಲ್ಲು ಉಳಿಸಲು ಸಾಧ್ಯವೇ ಇಲ್ಲವೆಂದಾಗ ಮಾತ್ರ ಕೀಳುತ್ತಾರೆ. ಆಗ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲದಂತೆ ಸಣ್ಣ ತಂತಿಯ ಸಾಧನ ಕೂರಿಸಬೇಕಾಗಬಹುದು. ಹಾಲುಹಲ್ಲೆಂದರೆ ಬರುವ ಹಲ್ಲಿಗೆ ಹಾಸಿಟ್ಟ ಟವಲ್ಲಿನಂತೆ. ಅದನ್ನು ಬೇಗ ತೆಗೆದರೆ ಪಕ್ಕದವರು ಒತ್ತರಿಸಿ ಕೂರುತ್ತಾರೆ. ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ. ಹಾಲುಹಲ್ಲಿನ ಬೇರಿನಲ್ಲಿ ಕೀವು ನಿಂತರೆ ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಮೇಲ್ಪದರಕ್ಕೂ ಹಾನಿ ತಟ್ಟಬಹುದು.

‘ಕೊಲೆಮನೆ’ಯ ಭಯಕ್ಕೂ ಉತ್ತರ ಸಿಕ್ಕಿದೆ. 1980ರ ದಶಕದಲ್ಲಿ ತಾಂಜಾನಿಯದ ಹಳ್ಳಿಗಳಲ್ಲಿ ವಿದ್ಯುತ್ತಿಲ್ಲದೆ ಕೊರೆಯುವ ಯಂತ್ರ ನಡೆಯುತ್ತಿರಲಿಲ್ಲ. ಕೈ ಉಪಕರಣದಿಂದಲೇ ಮೆತ್ತಗಾದ ಭಾಗವನ್ನು ಕೆರೆದು, ಹಲ್ಲಿಗೆ ಅಂಟುವ ಸಿಮೆಂಟ್ ತುಂಬುವ ವಿಧಾನವನ್ನು ನೆದರ್ಲೆಂಡಿನ ಯೋ ಫ್ರೆಂಕನ್ ಮತ್ತು ಸಂಗಡಿಗರು ರೂಪಿಸಿದರು. ಬಡತನದಲ್ಲಿ ಹುಟ್ಟಿದ ಉಪಾಯ ಮಕ್ಕಳಿಗೆ ವರವಾಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಎತ್ತಿಹಿಡಿಯಿತು. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹುಳುಕನ್ನು ಕೆರೆಯದೆ, ಸೂಜಿ ಚುಚ್ಚದೆ, ಹಾಲುಹಲ್ಲಿನ ಮೇಲೆ ನೇರವಾಗಿ ಸ್ಟೀಲ್ ಕ್ಯಾಪ್ ಕೂರಿಸಿಬಿಡುತ್ತಿದ್ದರು. ಒಳಗೆ ಸಿಕ್ಕಿಬಿದ್ದ ಸೂಕ್ಷ್ಮಜೀವಿಗಳಿಗೆ ಆಹಾರ ಸಿಗದೆ ಹುಳುಕು ನಿಂತುಹೋಗುತ್ತದೆ. ಅವರ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದಾಗ ದಂತವೈದ್ಯ ಜಗತ್ತು ಹುಬ್ಬೇರಿಸಿತು. ಮುಂದಿನ ಅಧ್ಯಯನಗಳೂ ಅವರನ್ನು ಬೆಂಬಲಿಸಿದವು. ಆದರೆ ನೋವು, ಕೀವು ಇಲ್ಲದ ಹಲ್ಲಿಗೆ ಮಾತ್ರ ಇದು ಸಲ್ಲುತ್ತದೆ.

ಇನ್ನೂ ಸರಳವಾದದ್ದು ಜಪಾನಿನಲ್ಲಿ 1960ರ ದಶಕದ ಕೊನೆಯಲ್ಲಿ ಸಿದ್ಧವಾದ, ಬೆಳ್ಳಿ ಮತ್ತು ಫ್ಲೋರೈಡ್ ಇರುವ ದ್ರಾವಣ. ಹನಿಯಷ್ಟನ್ನು ಹುಳುಕಿನ ಮೇಲೆ ಸವರಿದರೆ ಅನೇಕ ಹಲ್ಲುಗಳಲ್ಲಿ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಹುಳುಕಿದ ಭಾಗ ಕಪ್ಪಾಗುವುದೊಂದೇ ಕುಂದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆರು ವರ್ಷಕ್ಕೆ ಬರುವ ಆ ಸದ್ದಿಲ್ಲದ ದವಡೆ ಹಲ್ಲಿನ ಗೆರೆಗಳಿಗೆ, ಹುಳುಕು ಹಿಡಿಯುವ ಮೊದಲೇ, ತೆಳುವಾದ ಲೇಪ ಹಚ್ಚುವುದೂ ಸಾಧ್ಯ.

ಇವೆಲ್ಲ ಪಟ್ಟಣದ ದುಬಾರಿ ಕೊಠಡಿಗಷ್ಟೇ ಸೇರಿದ ಸಂಗತಿಗಳಲ್ಲ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳನ್ನು ತಪಾಸಣೆ ಮಾಡಿ ಚಿಕಿತ್ಸೆಗೆ ಕಳಿಸಲೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ರೋಗಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ಆದರೆ ತಪಾಸಣೆಯಲ್ಲಿ ಬರೆದುಕೊಟ್ಟ ಚೀಟಿ ಮನೆಯ ಗೋಡೆಯ ಮೊಳೆಗೆ ಸಿಕ್ಕಿಕೊಂಡು ಅಲ್ಲಿಯೇ ಉಳಿದರೆ ಪ್ರಯೋಜನವಿಲ್ಲ. ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸುವುದು, ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸದಿರುವುದು, ಏಳೆಂಟು ವರ್ಷದವರೆಗೆ ದೊಡ್ಡವರೇ ನಿಂತು ಹಲ್ಲುಜ್ಜಿಸುವುದು: ಖರ್ಚಿಲ್ಲದ ಚಿಕಿತ್ಸೆಗಳು ಇವು. ಕೆನ್ನೆ ಬಾತು ಜ್ವರ ಬಂದರೆ ಮಾತ್ರ ಬೆಳಗಾಗಲೆಂದು ಕಾಯಬಾರದು.

ಹಲ್ಲು ಮಾಡಿನ ಮೇಲೆ ಬೀಳಲಿ. ಅಜ್ಜಿಯ ರೂಢಿಗೆ ಯಾವ ವೈದ್ಯರ ತಕರಾರೂ ಇಲ್ಲ. ಆದರೆ ಅದು ತನ್ನ ಕಾಲಕ್ಕೆ ಅಲ್ಲಾಡಿ, ಮಗುವಿನ ಬೆರಳಿಗೇ ಕಳಚಿ ಬಂದ ಹಲ್ಲಾಗಿರಲಿ. ನೋವಿನಲ್ಲಿ ಐದನೇ ವಯಸ್ಸಿಗೇ ಕಿತ್ತ ಹಲ್ಲನ್ನು ಯಾವ ಮಗುವೂ ನಗುತ್ತ ಎಸೆಯುವುದಿಲ್ಲ.